ಮಿದುಳಿನ ಲಿಂಫೋಮಾ: ಸ್ಟೀರಾಯ್ಡ್‌ಗೆ ಮೊದಲು ಸೂಜಿ, ಮೆಥೊಟ್ರೆಕ್ಸೇಟ್‌ಗೆ ಮೊದಲು ಮೂತ್ರ

ಸ್ಕ್ಯಾನಿನಲ್ಲಿ ಗಡ್ಡೆ, ಸುತ್ತ ಊತ, ರೋಗಿ ಮಂಕು. ಇಷ್ಟು ಕಂಡ ಕೂಡಲೇ ಡ್ಯೂಟಿಯಲ್ಲಿರುವವರ ಕೈ ಊತ ಇಳಿಸುವ ಸ್ಟೀರಾಯ್ಡ್ ಆದ ಡೆಕ್ಸಾಮೆಥಾಸೋನ್ ಕಡೆ ಹೋಗುತ್ತದೆ. ಗ್ಲಯೋಮಾ (ಮಿದುಳಿನದೇ ಪೋಷಕ ಕೋಶಗಳಿಂದ ಹುಟ್ಟುವ ಗಡ್ಡೆ) ಆಗಿದ್ದರೆ, ಬೇರೆಡೆಯಿಂದ ಹರಡಿದ ಕ್ಯಾನ್ಸರ್ ಆಗಿದ್ದರೆ ಅದರಿಂದ ರೋಗಪತ್ತೆಗೆ ನಷ್ಟವಿಲ್ಲ. ಲಿಂಫೋಮಾ (ಬಿಳಿ ರಕ್ತಕಣಗಳ ಒಂದು ಬಗೆಯ ಕ್ಯಾನ್ಸರ್) ಆಗಿದ್ದರೆ ಆ ಒಂದು ಇಂಜೆಕ್ಷನ್ನೇ ರೋಗಪತ್ತೆಯನ್ನು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಿಂದಕ್ಕೆ ಹಾಕಬಹುದು. ಲಿಂಫೋಮಾದ ಜೀವಕೋಶಗಳು ಸ್ಟೀರಾಯ್ಡ್ ತಗುಲಿದರೆ ಸಾಯುತ್ತವೆ. ಗಡ್ಡೆ ಕರಗುತ್ತದೆ, ರೋಗಿ ಎದ್ದು ಕೂರುತ್ತಾರೆ, ಮನೆಯವರಿಗೂ ಡಾಕ್ಟರಿಗೂ ಸಮಾಧಾನ. ಆಮೇಲೆ ಬಯಾಪ್ಸಿ ಮಾಡಿದರೆ ಸಿಗುವುದು ಸತ್ತ ಅಂಗಾಂಶ, ಅದನ್ನು ನುಂಗಲು ಬಂದ ಮ್ಯಾಕ್ರೋಫೇಜ್‌ಗಳು. ಸ್ಟೀರಾಯ್ಡ್ ನಿಂತ ಮೇಲೆ ಗಡ್ಡೆ ಮರಳುತ್ತದೆ, ಎಷ್ಟೋ ಸಲ ಬೇರೆ ಜಾಗದಲ್ಲಿ.

ಈ ರೋಗದಲ್ಲಿ ಯಾವ ಪ್ರೋಟೋಕಾಲ್ ಆರಿಸಿದಿರಿ ಎನ್ನುವುದಕ್ಕಿಂತ ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಮಾಡಿದಿರಿ ಎನ್ನುವುದರಲ್ಲೇ ಹೆಚ್ಚು ಎಡವಟ್ಟುಗಳಾಗುತ್ತವೆ. ಹಾಗಾಗಿ ನಾವು ಅನುಸರಿಸುವ ಕ್ರಮವನ್ನೇ ಹಿಡಿದು ಬರೆಯುತ್ತಿದ್ದೇವೆ.

ಮಿದುಳು, ಬೆನ್ನುಹುರಿ, ಅವುಗಳ ಪೊರೆ ಮತ್ತು ಕಣ್ಣು: ಇಷ್ಟರೊಳಗೇ ಹುಟ್ಟಿ ಅಲ್ಲಿಗೇ ಸೀಮಿತವಾಗಿರುವ ಲಿಂಫೋಮಾವನ್ನು ಪ್ರೈಮರಿ ಸಿಎನ್ಎಸ್ ಲಿಂಫೋಮಾ ಎನ್ನುತ್ತೇವೆ. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಜಾತಿಯವು. ಮಿದುಳಿನ ಗಡ್ಡೆಗಳಲ್ಲಿ ಇದರ ಪಾಲು ನೂರಕ್ಕೆ ಮೂರು-ನಾಲ್ಕು ಮಾತ್ರ. ರೋಗನಿರೋಧಕ ಶಕ್ತಿ ಚೆನ್ನಾಗಿರುವವರಲ್ಲಿ ಅರವತ್ತು ದಾಟಿದ ಮೇಲೆ ಹೆಚ್ಚು ಕಾಣುತ್ತದೆ. ಎಚ್‌ಐವಿ ಇದ್ದವರಲ್ಲಿ, ಅಂಗ ಕಸಿ ಆದವರಲ್ಲಿ ಯಾವ ವಯಸ್ಸಿಗೂ ಬರಬಹುದು. ಅಂಥವರಲ್ಲಿ ಇದರ ಹಿಂದೆ ಸಾಮಾನ್ಯವಾಗಿ ಎಪ್‌ಸ್ಟೈನ್-ಬಾರ್ ವೈರಸ್ ಇರುತ್ತದೆ. ತಲೆನೋವು, ಫಿಟ್ಸ್‌ಗಿಂತ ಮೊದಲು ಮನೆಯವರ ಗಮನಕ್ಕೆ ಬರುವುದು ಸ್ವಭಾವದ ಬದಲಾವಣೆ. ಮಾತು ಕಡಿಮೆಯಾಗುತ್ತದೆ, ಲೆಕ್ಕ ತಪ್ಪುತ್ತದೆ, ಯಾವುದರಲ್ಲೂ ಆಸಕ್ತಿ ಇರುವುದಿಲ್ಲ. ಖಿನ್ನತೆ, ಮರೆವಿನ ಕಾಯಿಲೆ ಎಂದುಕೊಂಡು ವಾರಗಳು ಕಳೆದಿರುತ್ತವೆ.

ಎಂಆರ್‌ಐ ನೋಡುವಾಗ ನಾವು ಮೂರು ವಿಷಯಗಳನ್ನು ಒಟ್ಟಿಗೆ ಹುಡುಕುತ್ತೇವೆ. ಗ್ಯಾಡೋಲಿನಿಯಂ ಎಂಬ ಕಾಂಟ್ರಾಸ್ಟ್ ಕೊಟ್ಟ ಮೇಲೆ ಗಡ್ಡೆ ಅಂಚಿನಿಂದ ಅಂಚಿಗೆ ಒಂದೇ ಸಮನೆ ಬೆಳಗಬೇಕು. ನೀರಿನ ಚಲನೆ ಅಳೆಯುವ ಡಿಫ್ಯೂಷನ್ ಚಿತ್ರದಲ್ಲಿ ಬಿಳಿಯಾಗಿ, ಅದರದೇ ಎಡಿಸಿ ನಕ್ಷೆಯಲ್ಲಿ ಕಪ್ಪಾಗಿ ಕಾಣಬೇಕು. ಜೀವಕೋಶಗಳು ಒತ್ತೊತ್ತಾಗಿ ತುಂಬಿರುವುದರಿಂದ ನೀರಿನ ಕಣಗಳಿಗೆ ಚಲಿಸಲು ಎಡೆಯಿರುವುದಿಲ್ಲ. ಮೂರನೆಯದು ಜಾಗ: ವೆಂಟ್ರಿಕಲ್‌ಗಳ (ಮಿದುಳಿನೊಳಗಿನ ದ್ರವದ ಕುಳಿಗಳ) ಅಂಚು, ಮಿದುಳಿನ ಎರಡು ಅರ್ಧಗಳನ್ನು ಕೂಡಿಸುವ ಕಾರ್ಪಸ್ ಕ್ಯಾಲೋಸಮ್, ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ. ಕಾಂಟ್ರಾಸ್ಟ್ ಇಲ್ಲದ ಸಿಟಿಯಲ್ಲೂ ಗಡ್ಡೆ ಸುತ್ತಲಿಗಿಂತ ಬೆಳ್ಳಗಿದ್ದರೆ ಅನುಮಾನ ಬಲವಾಗುತ್ತದೆ. ಅತಿ ಉಗ್ರ ಗ್ಲಯೋಮಾ ಆದ ಗ್ಲಯೋಬ್ಲಾಸ್ಟೋಮಾ ಕೂಡ ಕ್ಯಾಲೋಸಮ್ ದಾಟಿ ಚಿಟ್ಟೆಯ ಆಕಾರ ತಾಳುತ್ತದೆ, ಆದರೆ ಅದರ ನಡುಭಾಗ ಸಾಮಾನ್ಯವಾಗಿ ಕೊಳೆತಿರುತ್ತದೆ, ಪರ್ಫ್ಯೂಷನ್‌ನಲ್ಲಿ ರಕ್ತದ ಪ್ರಮಾಣ ಬಹಳ ಹೆಚ್ಚಿರುತ್ತದೆ. ಲಿಂಫೋಮಾದಲ್ಲಿ ಅಷ್ಟು ಏರುವುದಿಲ್ಲ. ಎಚ್‌ಐವಿ ಇದ್ದವರಲ್ಲಿ ಮಾತ್ರ ಈ ಲೆಕ್ಕ ತಲೆಕೆಳಗು: ಅಲ್ಲಿ ಲಿಂಫೋಮಾವೂ ಉಂಗುರದಂತೆ ಬೆಳಗುತ್ತದೆ, ಟಾಕ್ಸೋಪ್ಲಾಸ್ಮಾ ಸೋಂಕಿನಿಂದ ಬೇರ್ಪಡಿಸುವುದು ಕಷ್ಟ. ಚಿತ್ರ ಎಷ್ಟೇ ಸ್ಪಷ್ಟವಾಗಿರಲಿ, ಅದನ್ನೇ ನಂಬಿ ಕೀಮೋ ಶುರುಮಾಡುವುದಿಲ್ಲ.

ಈಗ ಸ್ಟೀರಾಯ್ಡ್ ಪ್ರಶ್ನೆಗೆ ಬರೋಣ. ರೋಗಿ ಎಚ್ಚರವಾಗಿದ್ದರೆ, ಒಂದೆರಡು ದಿನದಲ್ಲಿ ಬಯಾಪ್ಸಿ ಸಾಧ್ಯವಿದ್ದರೆ, ಸ್ಟೀರಾಯ್ಡ್ ಇಲ್ಲ. ಚಾರ್ಟಿನ ಮೇಲೆ ದೊಡ್ಡದಾಗಿ ಬರೆದಿಡಿ. ರಾತ್ರಿ ಪಾಳಿಯವರಿಗೆ ಬಾಯಲ್ಲಿ ಹೇಳಿದ್ದು ಸಾಲದು. ವಾಂತಿ ನಿಲ್ಲಲೆಂದು, ಕಾಂಟ್ರಾಸ್ಟ್ ಅಲರ್ಜಿ ತಡೆಯಲೆಂದು ಬೇರೆ ದಾರಿಯಲ್ಲಿ ಸ್ಟೀರಾಯ್ಡ್ ಒಳಬರುವುದನ್ನೂ ಗಮನಿಸಬೇಕು. ಊತ ಹೆಚ್ಚಿದ್ದರೆ ತಲೆದಿಂಬು 30 ಡಿಗ್ರಿ ಎತ್ತರಿಸಿ, ಶೇ 20ರ ಮ್ಯಾನಿಟಾಲ್ ಕಿಲೋಗೆ ಅರ್ಧದಿಂದ ಒಂದು ಗ್ರಾಂ, ಇಲ್ಲವೇ ಶೇ 3ರ ಸಲೈನ್ ಕೊಟ್ಟು ಸಮಯ ಗಳಿಸಿಕೊಳ್ಳುತ್ತೇವೆ. ಪಾಪೆ ಹಿಗ್ಗಿದರೆ, ಪ್ರಜ್ಞೆ ಕುಸಿಯುತ್ತಿದ್ದರೆ ಮಾತು ಬೇರೆ. ಆಗ ಡೆಕ್ಸಾಮೆಥಾಸೋನ್ ಕೊಡಲೇಬೇಕು, ಜೀವ ಉಳಿದರೆ ತಾನೇ ಬಯಾಪ್ಸಿ.

ಬರುವಾಗಲೇ ಸ್ಟೀರಾಯ್ಡ್ ಆಗಿಬಿಟ್ಟಿದ್ದರೆ? ಎಂಆರ್‌ಐ ಮತ್ತೆ ಮಾಡಿಸಿ. ಗಡ್ಡೆ ಇನ್ನೂ ಚೆನ್ನಾಗಿ ಬೆಳಗುತ್ತಿದ್ದರೆ ತಡಮಾಡದೆ ಬಯಾಪ್ಸಿ. ಒಂದೆರಡು ಡೋಸ್ ಬಿದ್ದ ಮಾತ್ರಕ್ಕೆ ಅಂಗಾಂಶ ನಿರುಪಯುಕ್ತ ಎಂದುಕೊಳ್ಳಬೇಕಿಲ್ಲ. ಕರಗಿ ಮಾಯವಾಗಿದ್ದರೆ ಸ್ಟೀರಾಯ್ಡ್ ಇಳಿಸಿ ನಿಲ್ಲಿಸಿ, ಮೂರು-ನಾಲ್ಕು ವಾರಕ್ಕೊಮ್ಮೆ ಸ್ಕ್ಯಾನ್ ಮಾಡುತ್ತಾ ಕಾಯಬೇಕು. ಸ್ಟೀರಾಯ್ಡ್‌ಗೆ ಕರಗಿತು, ಆದ್ದರಿಂದ ಲಿಂಫೋಮಾ ಎಂದು ತೀರ್ಮಾನಿಸುವಂತಿಲ್ಲ. ನರಗಳ ಹೊದಿಕೆಯಾದ ಮೈಲಿನ್ ಕಳಚುವ ಕಾಯಿಲೆಗಳೂ (ಡಿಮೈಲಿನೇಷನ್), ಸಾರ್ಕಾಯ್ಡೋಸಿಸ್ ಎಂಬ ಉರಿಯೂತದ ಕಾಯಿಲೆ ಕೂಡ ಹೀಗೇ ಕರಗುತ್ತವೆ.

ಬಯಾಪ್ಸಿ ಸ್ಟೀರಿಯೊಟ್ಯಾಕ್ಟಿಕ್, ಅಂದರೆ ಸ್ಕ್ಯಾನಿನ ಅಳತೆಯಿಂದ ಗುರಿಯಿಟ್ಟು ಸೂಜಿಯಲ್ಲಿ. ಸೂಜಿಯ ಗುರಿ ಊತದ ಭಾಗಕ್ಕಲ್ಲ, ಕಾಂಟ್ರಾಸ್ಟ್ ಹಿಡಿದ ಭಾಗಕ್ಕೆ. ಸರ್ಜನ್ ಒಂದೇ ದಾರಿಯಲ್ಲಿ ಸೂಜಿಯ ಕಿಟಕಿಯನ್ನು ನಾಲ್ಕು ದಿಕ್ಕಿಗೆ ತಿರುಗಿಸಿ ತುಣುಕು ತೆಗೆಯುತ್ತಾರೆ. ಮೊದಲ ತುಣುಕಿನಿಂದ ಸಾಸಿವೆಯಷ್ಟನ್ನು ಎರಡು ಗಾಜಿನ ಪಟ್ಟಿಗಳ ನಡುವೆ ಒತ್ತಿ ಎಳೆದು ಆಪರೇಷನ್ ನಡೆಯುತ್ತಿರುವಾಗಲೇ ಪೆಥಾಲಜಿಗೆ ತೋರಿಸುತ್ತೇವೆ. ಲಿಂಫೋಮಾ ಆದರೆ ಈ ಸ್ಮಿಯರ್‌ನಲ್ಲಿ ಒಂದಕ್ಕೊಂದು ಅಂಟಿಕೊಳ್ಳದ ದುಂಡನೆಯ ಕೋಶಗಳು ಹರಡಿಕೊಂಡಿರುತ್ತವೆ. ಗ್ಲಯೋಮಾದಂತೆ ನಡುವೆ ನಾರಿನ ಬಲೆ ಇರುವುದಿಲ್ಲ. "ಗಡ್ಡೆ ಸಿಕ್ಕಿದೆ" ಎಂಬ ಉತ್ತರ ಬರುವವರೆಗೆ ಸೂಜಿ ಹೊರಬರುವುದಿಲ್ಲ. ಲಿಂಫೋಮಾ ಎಂದು ಅಲ್ಲೇ ಗೊತ್ತಾದರೆ ಕೈಗೆ ಸಿಗುವ ಗಡ್ಡೆಯನ್ನೆಲ್ಲ ತೆಗೆಯುವ ಆಸೆ ಬೇಡ. ಇದು ಸೂಕ್ಷ್ಮವಾಗಿ ಹರಡಿರುವ ರೋಗ. ಆಳದಲ್ಲಿ ಕತ್ತರಿಸಿ ಕೈಕಾಲು ಬಿದ್ದುಹೋದರೆ ಮುಂದಿನ ಕೀಮೋಗೇ ಅಡ್ಡಿ.

ತುಣುಕುಗಳನ್ನೆಲ್ಲ ಫಾರ್ಮಲಿನ್‌ಗೆ ಹಾಕಬೇಡಿ. ಸೋಂಕಿನ ಅನುಮಾನವಿದ್ದರೆ ಒಂದು ತುಣುಕು ಸೂಕ್ಷ್ಮಾಣುರಹಿತ ಸಲೈನ್‌ನಲ್ಲಿ ಕಲ್ಚರ್‌ಗೆ, ಇನ್ನೊಂದು ಕೋಶಗಳ ಜಾತಿ ಗುರುತಿಸುವ ಫ್ಲೋ ಸೈಟೋಮೆಟ್ರಿಗೆ. ರಿಕ್ವೆಸ್ಟ್ ಫಾರಂನಲ್ಲಿ ಸ್ಟೀರಾಯ್ಡ್ ಯಾವಾಗ, ಎಷ್ಟು ಬಿದ್ದಿದೆ ಎಂದು ತಪ್ಪದೆ ಬರೆಯಿರಿ. ಅದು ಗೊತ್ತಿಲ್ಲದಿದ್ದರೆ ಮ್ಯಾಕ್ರೋಫೇಜ್ ಮತ್ತು ಟಿ-ಕೋಶಗಳನ್ನು ಕಂಡ ಪೆಥಾಲಜಿಸ್ಟ್ ಡಿಮೈಲಿನೇಷನ್ ಎಂದು ಬರೆದರೆ ತಪ್ಪು ಅವರದಲ್ಲ. ಗುರುತು ಹಿಡಿಸುವುದು ರಕ್ತನಾಳಗಳ ಸುತ್ತ ತೋಳುಪಟ್ಟಿಯಂತೆ ಕಟ್ಟಿದ ದೊಡ್ಡ ಕೋಶಗಳು, ಬಿ-ಕೋಶದ ಗುರುತುಗಳಾದ ಸಿಡಿ20 ಮತ್ತು ಪ್ಯಾಕ್ಸ್5 ಪಾಸಿಟಿವ್, ಮಮ್1 ಮತ್ತು ಬಿಸಿಎಲ್6 ಹೆಚ್ಚಿನವರಲ್ಲಿ ಪಾಸಿಟಿವ್, ಕೋಶಗಳು ಎಷ್ಟು ವೇಗವಾಗಿ ಬೆಳೆಯುತ್ತಿವೆ ಎಂದು ತೋರಿಸುವ ಕೆಐ-67 ಬಹಳ ಎತ್ತರ. ಸಿಡಿ10 ಪಾಸಿಟಿವ್ ಬಂದರೆ ಲಿಂಫೋಮಾ ದೇಹದ ಬೇರೆಡೆಯಿಂದ ಬಂದಿದೆಯೇ ಎಂದು ಇನ್ನೊಮ್ಮೆ ಹುಡುಕುತ್ತೇವೆ. ಎಪ್‌ಸ್ಟೈನ್-ಬಾರ್ ವೈರಸ್ ಹುಡುಕುವ ಈಬರ್ ಪರೀಕ್ಷೆ ಪಾಸಿಟಿವ್ ಆದರೆ ನಿರೋಧಕ ಶಕ್ತಿ ಏಕೆ ಕುಂದಿದೆ ಎಂಬ ವಿಚಾರಣೆ.

ಗಡ್ಡೆಯ ಒತ್ತಡದಿಂದ ಅಪಾಯವಿಲ್ಲ ಎಂದು ಖಚಿತವಾದರೆ ಲಂಬರ್ ಪಂಕ್ಚರ್ ಮಾಡಿ ಕನಿಷ್ಠ 10 ಮಿ.ಲೀ. ಸಿಎಸ್‌ಎಫ್ (ಮಿದುಳು-ಬೆನ್ನುಹುರಿಯ ಸುತ್ತಲಿನ ದ್ರವ) ತೆಗೆಯಬೇಕು. ಎರಡು ಮಿ.ಲೀ. ಕಳಿಸಿ ನೆಗೆಟಿವ್ ಬಂತು ಎಂದರೆ ಅರ್ಥವಿಲ್ಲ. ಕೋಶಗಳು ಬೇಗ ಹಾಳಾಗುತ್ತವೆ, ಆದ್ದರಿಂದ ಟ್ಯೂಬನ್ನು ಕೈಯಲ್ಲೇ ಹಿಡಿದು ಲ್ಯಾಬ್‌ಗೆ ಮುಟ್ಟಿಸಿ. ಸೈಟಾಲಜಿ ಜೊತೆ ಫ್ಲೋ, ಪ್ರೋಟೀನ್, ಸಾಧ್ಯವಿದ್ದರೆ ಐಎಲ್-10 ಮತ್ತು ಮೈಡಿ88 ಎಲ್265ಪಿ ಮ್ಯುಟೇಷನ್. ಗಡ್ಡೆ ಸೂಜಿಗೆ ಸಿಗದ ಜಾಗದಲ್ಲಿದ್ದಾಗ ಈ ಕೊನೆಯ ಎರಡು ನಮ್ಮ ಕೈಹಿಡಿಯುತ್ತವೆ. ಮಿದುಳಿನ ಬಯಾಪ್ಸಿ ಆಗಿದ್ದರೆ ಒಂದು ವಾರ ಬಿಟ್ಟು ಮಾಡಿ. ಇಲ್ಲದಿದ್ದರೆ ಸರ್ಜರಿಯಲ್ಲಿ ಚೆಲ್ಲಿದ ಕೋಶಗಳೇ ದಾರಿ ತಪ್ಪಿಸುತ್ತವೆ.

ಕಣ್ಣಿನ ಪರೀಕ್ಷೆಯನ್ನು ಬಿಡುವವರು ಬಹಳ. ರೋಗಿಗೆ ದೃಷ್ಟಿ ಸರಿಯಿದೆ ಎಂದರೂ ಸ್ಲಿಟ್ ಲ್ಯಾಂಪ್ ಪರೀಕ್ಷೆ ಆಗಬೇಕು. ಶುರುವಿನಲ್ಲೇ ಐದಾರು ಜನರಲ್ಲಿ ಒಬ್ಬರ ಕಣ್ಣಿನಲ್ಲಿ ರೋಗ ಇರುತ್ತದೆ. ವಯಸ್ಸಾದವರಲ್ಲಿ ಹನಿ ಹಾಕಿದರೂ ಮತ್ತೆ ಮತ್ತೆ ಮರಳುವ ಯೂವಿಯೈಟಿಸ್ (ಕಣ್ಣಿನೊಳಗಿನ ಉರಿಯೂತ) ಎಂದು ಹಿಂದೆ ಚಿಕಿತ್ಸೆ ಆಗಿತ್ತೇ ಎಂದು ಕೇಳಿನೋಡಿ. ಇನ್ನುಳಿದಂತೆ ಇಡೀ ದೇಹದ ಪೆಟ್-ಸಿಟಿ, ಗಂಡಸರಿಗೆ ವೃಷಣದ ಅಲ್ಟ್ರಾಸೌಂಡ್, ಎಲ್‌ಡಿಎಚ್, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಎಕೋ. ಹೆಪಟೈಟಿಸ್ ಬಿಗೆ ಸರ್ಫೇಸ್ ಆಂಟಿಜನ್ ಮಾತ್ರ ಸಾಲದು, ಕೋರ್ ಆಂಟಿಬಾಡಿಯೂ ಬೇಕು. ಅದು ಪಾಸಿಟಿವ್ ಇದ್ದು ಬಿ-ಕೋಶಗಳನ್ನು ಕೊಲ್ಲುವ ರಿಟುಕ್ಸಿಮ್ಯಾಬ್ ಕೊಡುವುದಾದರೆ ವೈರಸ್ ತಡೆಯುವ ಎಂಟೆಕಾವಿರ್ ಜೊತೆಗಿರಬೇಕು, ಕೊನೆಯ ಡೋಸಿನ ನಂತರವೂ ಕನಿಷ್ಠ ಒಂದು ವರ್ಷ.

ಬಯಾಪ್ಸಿ ಖಚಿತವಾದ ಮೇಲೆ ಸ್ಟೀರಾಯ್ಡ್ ಧಾರಾಳವಾಗಿ ಕೊಡಬಹುದು. ಹಾಸಿಗೆ ಹಿಡಿದಿದ್ದಾರೆ, ಕೀಮೋ ತಡೆಯಲಾರರು ಎಂದು ಬೇಗ ಕೈಬಿಡಬೇಡಿ. ಹಾಸಿಗೆ ಹಿಡಿಸಿದ್ದು ಗಡ್ಡೆಯೇ ಆಗಿದ್ದರೆ ಒಂದೆರಡು ಸುತ್ತಿನಲ್ಲಿ ಎದ್ದು ಓಡಾಡುವವರಿದ್ದಾರೆ.

ದೇಹದ ಬೇರೆಡೆ ಇದೇ ಜಾತಿಯ ಲಿಂಫೋಮಾಗೆ ಕೊಡುವ ಆರ್-ಚಾಪ್ ಎಂಬ ಔಷಧಗಳ ಜೋಡಣೆ ಇಲ್ಲಿ ನಡೆಯುವುದಿಲ್ಲ. ಅದರ ಮುಖ್ಯ ಔಷಧಗಳು ರಕ್ತಕ್ಕೂ ಮಿದುಳಿಗೂ ನಡುವಿನ ತಡೆಗೋಡೆಯನ್ನು ಸಾಕಷ್ಟು ದಾಟುವುದಿಲ್ಲ. ಚಿಕಿತ್ಸೆಯ ಬೆನ್ನೆಲುಬು ಮೆಥೊಟ್ರೆಕ್ಸೇಟ್ ಎಂಬ ಕೀಮೋ ಔಷಧ, ಅದೂ ದೇಹದ ವಿಸ್ತೀರ್ಣದ ಚದರ ಮೀಟರ್‌ಗೆ 3 ಗ್ರಾಂ ಅಥವಾ ಹೆಚ್ಚು, ಎರಡರಿಂದ ನಾಲ್ಕು ಗಂಟೆಯೊಳಗೆ. ನಿಧಾನವಾಗಿ 24 ಗಂಟೆ ಹರಿಸಿದರೆ ಮಿದುಳಿನೊಳಗೆ ಬೇಕಾದ ಎತ್ತರದ ಮಟ್ಟ ಸಿಗುವುದಿಲ್ಲ. ಲಿಂಫೋಮಾ ಅಧ್ಯಯನದ ಅಂತರರಾಷ್ಟ್ರೀಯ ಗುಂಪಾದ ಐಇಎಲ್‌ಎಸ್‌ಜಿಯ 2009ರ ಪ್ರಯೋಗದಲ್ಲಿ ಮೆಥೊಟ್ರೆಕ್ಸೇಟ್ ಒಂದರಿಂದಲೇ ಶೇ 18 ಜನರಲ್ಲಿ ರೋಗ ಪೂರ್ತಿ ಮರೆಯಾದರೆ, ಸೈಟರಾಬಿನ್ ಸೇರಿಸಿದಾಗ ಶೇ 46 ಜನರಲ್ಲಿ. 2016ರ ಪ್ರಯೋಗದಲ್ಲಿ ಇವೆರಡಕ್ಕೆ ರಿಟುಕ್ಸಿಮ್ಯಾಬ್ ಮತ್ತು ಥಯೋಟೆಪಾ ಸೇರಿಸಿದ ಮ್ಯಾಟ್ರಿಕ್ಸ್‌ನಲ್ಲಿ ಶೇ 49. ರಿಟುಕ್ಸಿಮ್ಯಾಬ್‌ನ ಪಾತ್ರದ ಬಗ್ಗೆ ಜಗಳ ಮುಗಿದಿಲ್ಲ: ಹೋವಾನ್ 105 ಪ್ರಯೋಗದಲ್ಲಿ ಅದರಿಂದ ಸ್ಪಷ್ಟ ಲಾಭ ಕಾಣಲಿಲ್ಲ. ಆದರೂ ನಾವು ಕೊಡುತ್ತೇವೆ.

ಮ್ಯಾಟ್ರಿಕ್ಸ್ ಲೆಕ್ಕ ಹೀಗೆ, ಎಲ್ಲ ಡೋಸೂ ಚದರ ಮೀಟರ್‌ಗೆ. ರಿಟುಕ್ಸಿಮ್ಯಾಬ್ ಚದರ ಮೀಟರ್‌ಗೆ 375 ಮಿ.ಗ್ರಾಂ., ಐದು ದಿನ ಮೊದಲು ಮತ್ತು ಹಿಂದಿನ ದಿನ. ಮೊದಲ ದಿನ ಮೆಥೊಟ್ರೆಕ್ಸೇಟ್ 3.5 ಗ್ರಾಂ, ಅದರಲ್ಲಿ 0.5 ಗ್ರಾಂ 15 ನಿಮಿಷದಲ್ಲಿ, ಉಳಿದ 3 ಗ್ರಾಂ ಮೂರು ಗಂಟೆಯಲ್ಲಿ. ಎರಡನೇ, ಮೂರನೇ ದಿನ ಸೈಟರಾಬಿನ್ 2 ಗ್ರಾಂ ದಿನಕ್ಕೆರಡು ಸಲ. ನಾಲ್ಕನೇ ದಿನ ಥಯೋಟೆಪಾ 30 ಮಿ.ಗ್ರಾಂ. ಮೂರು ವಾರಕ್ಕೊಮ್ಮೆ, ನಾಲ್ಕು ಸುತ್ತು. ಎಪ್ಪತ್ತರೊಳಗಿನ, ಅಂಗಾಂಗ ಗಟ್ಟಿಯಿರುವವರಿಗೆ ಮಾತ್ರ ಇದು. ರಕ್ತಕಣಗಳು ನೆಲಕಚ್ಚುತ್ತವೆ, ಸೋಂಕಿನಿಂದ ಸಾವುಗಳೂ ಆಗುತ್ತವೆ. ಅದಕ್ಕಿಂತ ಹಿರಿಯರಿಗೆ ಮೆಥೊಟ್ರೆಕ್ಸೇಟ್, ರಿಟುಕ್ಸಿಮ್ಯಾಬ್ ಜೊತೆ ಪ್ರೊಕಾರ್ಬಜಿನ್ ಅಥವಾ ಟೆಮೊಜೊಲೊಮೈಡ್.

ಔಷಧ ಹರಿಸುವುದು ಸುಲಭ, ಹೊರಹಾಕಿಸುವುದೇ ಕೆಲಸ. ಮೆಥೊಟ್ರೆಕ್ಸೇಟ್ ಬಹುಪಾಲು ಮೂತ್ರದಲ್ಲೇ ಹೋಗುತ್ತದೆ, ಆಮ್ಲೀಯ ಮೂತ್ರದಲ್ಲಿ ಹರಳುಗಟ್ಟಿ ಕಿಡ್ನಿಯ ನಾಳಗಳಲ್ಲಿ ಕೂರುತ್ತದೆ. ಮೂತ್ರದ ಪಿಎಚ್ 6ರಿಂದ 7ಕ್ಕೆ ಏರಿದರೆ ಅದು ಕರಗುವ ಪ್ರಮಾಣ ಐದರಿಂದ ಎಂಟು ಪಟ್ಟಾಗುತ್ತದೆ. ಹಿಂದಿನ ರಾತ್ರಿಯೇ ಸೋಡಿಯಂ ಬೈಕಾರ್ಬನೇಟ್ ಬೆರೆಸಿದ ಡ್ರಿಪ್ ಶುರು. ದೇಹದ ವಿಸ್ತೀರ್ಣ 1.7 ಚದರ ಮೀಟರ್ ಇರುವವರಿಗೆ ಚದರ ಮೀಟರ್‌ಗೆ ದಿನಕ್ಕೆ 3 ಲೀಟರ್‌ನಂತೆ 5.1 ಲೀಟರ್, ಅಂದರೆ ಗಂಟೆಗೆ ಸುಮಾರು 210 ಮಿ.ಲೀ. ಬೆಳಿಗ್ಗೆ ಪಟ್ಟಿ ಅದ್ದಿ ನೋಡಿದಾಗ ಪಿಎಚ್ 7 ಅಥವಾ ಮೇಲೆ, ಮೂತ್ರ ಗಂಟೆಗೆ 100 ಮಿ.ಲೀ. ದಾಟಿರಬೇಕು. ಇಲ್ಲದಿದ್ದರೆ ಔಷಧ ಕಾಯಬೇಕು, ಬೆಡ್ ಎಷ್ಟೇ ಅವಸರದಲ್ಲಿ ಬೇಕಾಗಿದ್ದರೂ. ಆಮೇಲೆ ಪ್ರತಿ ಸಲ ಮೂತ್ರ ಹೋದಾಗಲೂ ಪಟ್ಟಿ. ಪಟ್ಟಿ 6.5 ತೋರಿಸಿದರೆ ಬೆಳಗಿನ ರೌಂಡ್ಸ್‌ವರೆಗೆ ಕಾಯದೆ ಆಗಲೇ ಹೆಚ್ಚುವರಿ ಬೈಕಾರ್ಬನೇಟ್ ಹೋಗಬೇಕು. ಬೈಕಾರ್ಬನೇಟ್‌ನಿಂದ ಪೊಟ್ಯಾಸಿಯಂ ಇಳಿಯುತ್ತದೆ, ನಿತ್ಯ ನೋಡಿ. ದಿನಕ್ಕೆರಡು ಸಲ ತೂಕ.

ಮೂತ್ರಕ್ಕಿಂತಲೂ ಹೆಚ್ಚು ಕೆಡಿಸುವುದು ಔಷಧಗಳ ಪಟ್ಟಿ. ಕೋಟ್ರೈಮೋಕ್ಸಜೋಲ್, ನೋವಿನ ಮಾತ್ರೆಗಳು, ಪ್ಯಾಂಟೊಪ್ರಜೋಲ್‌ನಂಥ ಗ್ಯಾಸಿನ ಮಾತ್ರೆಗಳು, ಪೆನಿಸಿಲಿನ್ ಗುಂಪು: ಇವೆಲ್ಲ ಮೆಥೊಟ್ರೆಕ್ಸೇಟ್ ಹೊರಹೋಗುವುದನ್ನು ತಡೆಯುತ್ತವೆ. ಸ್ಟೀರಾಯ್ಡ್ ಇದೆ ಎಂದು ಯಾರೋ ಪ್ಯಾಂಟೊಪ್ರಜೋಲ್ ಬರೆದಿರುತ್ತಾರೆ, ನ್ಯೂಮೋನಿಯಾ ತಡೆಯಲು ಇನ್ನೊಬ್ಬರು ಕೋಟ್ರೈಮೋಕ್ಸಜೋಲ್ ಬರೆದಿರುತ್ತಾರೆ; ಎರಡೂ ಸರಿಯೇ, ಈ ನಾಲ್ಕೈದು ದಿನ ಮಾತ್ರ ಎರಡೂ ಇರಕೂಡದು. ಕನಿಷ್ಠ ಎರಡು ದಿನ ಮೊದಲೇ ನಿಲ್ಲಿಸಿ, ಗ್ಯಾಸಿಗೆ ಫ್ಯಾಮೋಟಿಡಿನ್ ಕೊಡಿ. ಜ್ವರ ಬಂದಾಗ ಕೈ ತಾನಾಗಿ ಪಿಪೆರಾಸಿಲಿನ್‌ಗೆ ಹೋಗುತ್ತದೆ, ಬೇರೆ ಆ್ಯಂಟಿಬಯಾಟಿಕ್ ಆರಿಸಿ. ಕೋಲಾ ಪಾನೀಯವೂ ಬೇಡ, ಅದು ಮೂತ್ರವನ್ನು ಆಮ್ಲೀಯವಾಗಿಸುತ್ತದೆ. ಎದೆಯಲ್ಲಿ, ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಔಷಧ ಅಲ್ಲಿ ಅಡಗಿ ಕೂತು ದಿನಗಟ್ಟಲೆ ಸೋರುತ್ತದೆ, ಮೊದಲು ತೆಗೆಸಿ. ಫಿಟ್ಸ್ ಇದ್ದರೆ ಫೆನಿಟಾಯಿನ್‌ಗಿಂತ ಲೆವೆಟಿರಾಸೆಟಮ್ ವಾಸಿ.

ಔಷಧ ಶುರುವಾದ 24ನೇ ಗಂಟೆಗೆ ಅದರ ವಿಷದಿಂದ ಆರೋಗ್ಯವಂತ ಕೋಶಗಳನ್ನು ಕಾಪಾಡುವ ಲ್ಯೂಕೊವೊರಿನ್, ಚದರ ಮೀಟರ್‌ಗೆ 15 ಮಿ.ಗ್ರಾಂ., ಆರು ಗಂಟೆಗೊಮ್ಮೆ. ಗಡಿಯಾರ ಎಣಿಸುವುದು ಡ್ರಿಪ್ ಮುಗಿದಾಗಿನಿಂದಲ್ಲ, ಶುರುವಾದಾಗಿನಿಂದ. ಈ ತಪ್ಪು ಬಹಳ ಸಾಮಾನ್ಯ. ಲ್ಯೂಕೊವೊರಿನ್‌ನಲ್ಲಿ ಕ್ಯಾಲ್ಸಿಯಂ ಇರುವುದರಿಂದ ಬೈಕಾರ್ಬನೇಟ್ ಹರಿಯುವ ನಳಿಕೆಯಲ್ಲೇ ಹಾಕಿದರೆ ಬಿಳಿ ಗಸಿ ಕಟ್ಟುತ್ತದೆ. ರಕ್ತದಲ್ಲಿ ಮೆಥೊಟ್ರೆಕ್ಸೇಟ್ ಮಟ್ಟ ಲೀಟರ್‌ಗೆ, 24, 48, 72 ಗಂಟೆಗೆ: ಸುಮಾರಾಗಿ 10, 1, 0.1 ಮೈಕ್ರೋಮೋಲ್‌ಗಿಂತ ಕೆಳಗಿರಬೇಕು. ರಕ್ತವನ್ನು ಔಷಧ ಹರಿದ ಲೈನಿನಿಂದಲೇ ಎಳೆದರೆ ಸುಳ್ಳು ಏರಿಕೆ ಕಾಣುತ್ತದೆ. 0.1 ಮುಟ್ಟುವವರೆಗೆ ಲ್ಯೂಕೊವೊರಿನ್ ನಿಲ್ಲಿಸುವಂತಿಲ್ಲ, ಮನೆಗೆ ಕಳಿಸುವಂತಿಲ್ಲ.

ಮಟ್ಟದ ವರದಿ ಬರುವ ಮೊದಲೇ ಸುಳಿವು ಕೊಡುವುದು ಕಿಡ್ನಿಯ ಕೆಲಸ ಅಳೆಯುವ ಕ್ರಿಯೇಟಿನಿನ್. 24 ಗಂಟೆಗೆ 0.8 ಇದ್ದದ್ದು 1.2 ಆಗಿದ್ದರೆ ಲ್ಯಾಬ್ ಇನ್ನೂ ನಾರ್ಮಲ್ ಎಂದೇ ಮುದ್ರಿಸಿರುತ್ತದೆ. ಅದು ನಾರ್ಮಲ್ ಅಲ್ಲ, ಒಂದೂವರೆ ಪಟ್ಟು. ದ್ರವ ಹೆಚ್ಚಿಸಿ, ಔಷಧ ಪಟ್ಟಿಯನ್ನು ಮತ್ತೆ ಓದಿ. 48 ಗಂಟೆಗೆ 5 ಮೈಕ್ರೋಮೋಲ್ ಮೀರಿದ್ದರೆ ಅಥವಾ ಕ್ರಿಯೇಟಿನಿನ್ ಇಮ್ಮಡಿಯಾಗಿದ್ದರೆ ಲ್ಯೂಕೊವೊರಿನ್ 150 ಮಿ.ಗ್ರಾಂ. ಮೂರು ಗಂಟೆಗೊಮ್ಮೆ. ಮೆಥೊಟ್ರೆಕ್ಸೇಟ್ ಒಡೆಯುವ ಕಿಣ್ವವಾದ ಗ್ಲೂಕಾರ್ಪಿಡೇಸ್ ಸಿಗುವುದಾದರೆ ಕಿಲೋಗೆ 50 ಯೂನಿಟ್, ಒಂದೇ ಸಲ. ಔಷಧ ಶುರುವಾಗಿ 60 ಗಂಟೆಯೊಳಗೆ ಕೊಟ್ಟರೆ ಮಾತ್ರ ನಿಜವಾದ ಪ್ರಯೋಜನ. ಅದರ ಹಿಂದೆ-ಮುಂದೆ ಎರಡು ಗಂಟೆ ಲ್ಯೂಕೊವೊರಿನ್ ಬೇಡ, ಅದನ್ನೂ ಈ ಕಿಣ್ವ ಒಡೆದುಹಾಕುತ್ತದೆ. ಕೊಟ್ಟ ಮೇಲೆ ಮಾಮೂಲಿ ಇಮ್ಯುನೋಅಸ್ಸೇ ಎರಡು ದಿನ ಸುಳ್ಳು ಹೇಳುತ್ತದೆ, ಒಡೆದ ತುಣುಕನ್ನೂ ಔಷಧವೆಂದೇ ಎಣಿಸುತ್ತದೆ.

ಸೈಟರಾಬಿನ್‌ಗೆ ಎರಡು ಎಚ್ಚರಿಕೆ ಸಾಕು. ಸ್ಟೀರಾಯ್ಡ್ ಕಣ್ಣಿನ ಹನಿಯನ್ನು ಕೊನೆಯ ಡೋಸಿನ ನಂತರವೂ ಎರಡು ದಿನ ಮುಂದುವರಿಸಿ. ಪ್ರತಿ ಡೋಸಿಗೆ ಮೊದಲು ರೋಗಿಯಿಂದ ಮೂಗು-ಬೆರಳು ಮುಟ್ಟಿಸಿ, ಚಾರ್ಟಿನಲ್ಲೇ ಸಹಿ ಹಾಕಿಸಿ. ನಿನ್ನೆಯ ಸಹಿಗಿಂತ ಇಂದಿನದು ನಡುಗಿದ್ದರೆ ಮುಂದಿನ ಡೋಸ್ ಇಲ್ಲ. ಹಿಂದಿನ ದಿನದ ಮೆಥೊಟ್ರೆಕ್ಸೇಟ್ ಕಿಡ್ನಿಯನ್ನು ಕೆಡಿಸಿದ್ದರೆ ಚಲನೆಯ ಹಿಡಿತ ನೋಡಿಕೊಳ್ಳುವ ಸೆರೆಬೆಲ್ಲಮ್‌ಗೆ (ಕಿರುಮಿದುಳು) ವಿಷವಾಗುವ ಸಾಧ್ಯತೆ ಇನ್ನೂ ಹೆಚ್ಚು.

ಎರಡು ಸುತ್ತಿನ ನಂತರ ಎಂಆರ್‌ಐ. ರೋಗ ಪೂರ್ತಿ ಹೋಗಿದೆ ಎನ್ನಬೇಕಾದರೆ ಸ್ಟೀರಾಯ್ಡ್ ನಿಂತಿರಬೇಕು, ಕಣ್ಣು ಮತ್ತು ಸಿಎಸ್‌ಎಫ್ ಶುಚಿಯಾಗಿರಬೇಕು. ಸೂಜಿ ಹೋದ ದಾರಿಯಲ್ಲಿ ಸಣ್ಣ ಬೆಳಗು ಉಳಿದಿದ್ದರೆ ಗಾಬರಿ ಬೇಡ. ಆದರೆ ಇಲ್ಲಿಗೇ ನಿಲ್ಲಿಸಿದರೆ ರೋಗ ಮರಳುವುದೇ ಹೆಚ್ಚು, ಅದನ್ನು ಗಟ್ಟಿಮಾಡಬೇಕು. ದಶಕಗಳ ಕಾಲ ಅದಕ್ಕಾಗಿ ಇಡೀ ಮಿದುಳಿಗೆ ರೇಡಿಯೇಷನ್ ಕೊಡುತ್ತಿದ್ದರು. ಗಡ್ಡೆ ಹೋದರೂ ವರ್ಷದೊಳಗೆ ನೆನಪು, ನಡಿಗೆ, ಮೂತ್ರದ ಹಿಡಿತ ಹೋಗುವುದನ್ನು, ಅದರಲ್ಲೂ ಅರವತ್ತು ದಾಟಿದವರಲ್ಲಿ, ಕಂಡ ಮೇಲೆ ಅದು ನಮ್ಮ ಮೊದಲ ಆಯ್ಕೆಯಾಗಿ ಉಳಿದಿಲ್ಲ. ತಡೆಯಬಲ್ಲವರಿಗೆ ಅವರದೇ ಸ್ಟೆಮ್ ಸೆಲ್ ಕಸಿ. ಕಸಿಗೆ ಮುಂಚಿನ ಕೀಮೋದಲ್ಲಿ ಥಯೋಟೆಪಾ ಇರಲೇಬೇಕು. ಸಾಮಾನ್ಯ ಲಿಂಫೋಮಾದಲ್ಲಿ ಕಸಿಗೆ ಮುಂಚೆ ಕೊಡುವ ಬೀಮ್ ಕೀಮೋ ಇಲ್ಲಿ ಸಾಲದು. ಕಸಿಗೆ ಕೊಡುವ ದೊಡ್ಡ ಡೋಸಿನಲ್ಲಿ ಥಯೋಟೆಪಾ ಬೆವರಿನಲ್ಲೂ ಬಂದು ಚರ್ಮ ಸುಡುತ್ತದೆ. ಆ ದಿನಗಳಲ್ಲಿ ಹಲವು ಸಲ ಸ್ನಾನ, ಬಟ್ಟೆ-ಹಾಸಿಗೆ ಬದಲು, ಕಂಕುಳು-ತೊಡೆಸಂದಿಗೆ ಗಮನ, ಅಂಟುಪಟ್ಟಿಗಳನ್ನು ಆದಷ್ಟು ದೂರವಿಡುವುದು. ಕಸಿಗೆ ಸಲ್ಲದವರಿಗೆ ಮಾತ್ರೆಯಲ್ಲಿ ಮುಂದುವರಿಕೆ, ಇಲ್ಲವೇ 23.4 ಗ್ರೇಯಷ್ಟು ಕಡಿಮೆ ಪ್ರಮಾಣದ ರೇಡಿಯೇಷನ್ ಬಗ್ಗೆ ಮನೆಯವರೊಂದಿಗೆ ಬಿಚ್ಚಿ ಮಾತಾಡುತ್ತೇವೆ.

ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ, ಮುಂದಿನ ಮೂರು ವರ್ಷ ಆರು ತಿಂಗಳಿಗೊಮ್ಮೆ ಎಂಆರ್‌ಐ, ಜೊತೆಗೆ ನೆನಪಿನ ಪರೀಕ್ಷೆ. ಮರಳಿದರೆ ಮೊದಲು ನೋಡುವುದು ಕಳೆದ ಮೆಥೊಟ್ರೆಕ್ಸೇಟ್‌ನಿಂದ ಎಷ್ಟು ಕಾಲ ಆಯಿತು ಎಂದು. ವರ್ಷಕ್ಕೂ ಹೆಚ್ಚು ಶಾಂತವಾಗಿದ್ದು ಕಿಡ್ನಿ ಚೆನ್ನಾಗಿದ್ದರೆ ಅದೇ ಔಷಧ ಮತ್ತೆ ಕೆಲಸ ಮಾಡಬಲ್ಲದು. ಬೇಗ ಮರಳಿದವರಿಗೆ ಇಬ್ರುಟಿನಿಬ್, ಲೆನಾಲಿಡೊಮೈಡ್, ಟೆಮೊಜೊಲೊಮೈಡ್, ಮೊದಲು ಕೊಟ್ಟಿಲ್ಲದಿದ್ದರೆ ರೇಡಿಯೇಷನ್. ಜಪಾನಿನಲ್ಲಿ 2020ರಿಂದ ಟಿರಾಬ್ರುಟಿನಿಬ್‌ಗೆ ಇದಕ್ಕಾಗಿಯೇ ಅನುಮತಿಯಿದೆ. ಇಬ್ರುಟಿನಿಬ್ ಮತ್ತು ಸ್ಟೀರಾಯ್ಡ್ ಒಟ್ಟಿಗೆ ನಡೆದರೆ ಆಸ್ಪರ್ಜಿಲಸ್ ಫಂಗಸ್ ಶ್ವಾಸಕೋಶವನ್ನೂ ಮಿದುಳನ್ನೂ ಹಿಡಿಯಬಹುದು. ಮಾತ್ರೆ ಶುರುವಾದ ಮೇಲೆ ಮಿದುಳಿನಲ್ಲಿ ಹೊಸ ಉಂಗುರ ಕಂಡರೆ, ಲಿಂಫೋಮಾವೇ ಬೆಳೆಯಿತು ಎಂದು ಬರೆಯುವ ಮೊದಲು ಎದೆಯ ಸಿಟಿ ಮಾಡಿಸಿ.